ಹದಿನೆಂಟು ಎಣಿಸುವಷ್ಟು ಬಿಸಿ

ಏಪ್ರಿಲ್ 3
ಗಾಳಿ 34.5 ಡಿಗ್ರಿ, ಮಧ್ಯಾಹ್ನ ಒಂದು ಗಂಟೆ

ಇವತ್ತಿನಿಂದ ಇದನ್ನೂ ಬರೆಯುತ್ತೇನೆ. ಕೆಲಸದ ಅಳತೆ ಪುಸ್ತಕದಲ್ಲಿ ಅಂಕಿ ಬಿಟ್ಟು ಬೇರೇನೂ ಬರೆಯುವಂತಿಲ್ಲ. ಮನೆಯಲ್ಲಿ ಹೇಳೋಣವೆಂದರೆ ಸೇತುವೆಯ ಮಾತೆತ್ತಿದ ಕೂಡಲೇ ಅತ್ತೆಗೆ ಆಕಳಿಕೆ. ಯಜಮಾನರಿಗೆ ಬೆಳಗಿನ ಜಾವದಿಂದ ಬೇಕರಿಯ ಒಲೆ ಮುಂದೆ ನಿಂತು ಬಂದ ಮೇಲೆ ನಿದ್ದೆ. ಮಗಳು ಕೇಳುತ್ತಾಳೆ, ಆದರೆ ಕೇಳುತ್ತಾ ಕೇಳುತ್ತಾ ನನಗೇ ಪ್ರಶ್ನೆ ಹಾಕಿ ಸುಸ್ತು ಮಾಡುತ್ತಾಳೆ.

ಸೇತುವೆ ನದಿಯ ಎರಡೂ ಕಡೆಯಿಂದ ಬೆಳೆದು ಬಂದಿದೆ. ಎಡದಡದಿಂದ ನೂರಾಮೂವತ್ತು ಮೀಟರ್ ಉದ್ದದ ಉಕ್ಕಿನ ತೋಳು, ಬಲದಡದಿಂದ ಅಷ್ಟೇ ಉದ್ದದ ಇನ್ನೊಂದು. ಎರಡೂ ನೀರಿನ ಮೇಲೆ ಬರೀ ಗಾಳಿಯಲ್ಲಿ ಚಾಚಿಕೊಂಡು, ನಡುವೆ ಆರು ಮೀಟರ್ ಚಿಲ್ಲರೆ ಸಂದು ಉಳಿಸಿಕೊಂಡು ನಿಂತಿವೆ. ಆ ಸಂದನ್ನು ಅಳೆದು ಕೊಡುವುದು ನನ್ನ ಕೆಲಸ. ನಾನು ಕೊಟ್ಟ ಅಳತೆಗೆ ಸರಿಯಾಗಿ ಕಾರ್ಖಾನೆಯಲ್ಲಿ ನಡುತುಂಡು ತಯಾರಾಗುತ್ತದೆ. ಅದು ಬಂದು ಕೂತರೆ ಸೇತುವೆ ಒಂದಾಯಿತು.

ಬೆಳಿಗ್ಗೆ ಏಳಕ್ಕೆ ಸಂದಿಗೆ ಅಡ್ಡಲಾಗಿ ಒಂದು ದಾರ ಕಟ್ಟಿಸಿದ್ದೆ, ತಂತಿಯಂತೆ ಬಿಗಿಯಾಗಿ. ಮಧ್ಯಾಹ್ನ ಹೋಗಿ ನೋಡಿದರೆ ದಾರ ಜೋಲು ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಸಾವಿರಾರು ಟನ್ ಉಕ್ಕು, ಒಂದು ಕಿರುಗುಟ್ಟುವ ಸದ್ದೂ ಇಲ್ಲದೆ, ಎರಡು ದಡಗಳಿಂದ ಒಂದನ್ನೊಂದು ನೋಡಿಕೊಂಡು ಮುಂದೆ ಬಂದಿತ್ತು. ಲೆಕ್ಕ ನನಗೆ ಗೊತ್ತು: ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಎರಡು ತೋಳೂ ಸೇರಿ ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತವೆ, ಸಂದು ಅಷ್ಟು ಕಿರಿದಾಗುತ್ತದೆ. ಹದಿನಾರು ವರ್ಷದಿಂದ ಗೊತ್ತಿರುವ ಲೆಕ್ಕ. ಆದರೂ ಆ ಜೋಲು ದಾರ ನೋಡಿ ಮೈ ಜುಮ್ಮೆಂದಿತು.

ಅದಕ್ಕೇ ಹುಡುಗರಿಗೆ ಹೇಳುವುದು: ಉಕ್ಕಿನ ಬಿಸಿ ಬರೆಯದೆ ಸಂದಿನ ಅಳತೆ ಬರೆಯುವುದು ಬೀದಿ ಹೇಳದೆ ಬಾಗಿಲ ನಂಬರು ಹೇಳಿದ ಹಾಗೆ. ಮುಳ್ಳಿನ ಥರ್ಮಾಮೀಟರನ್ನು ಉಕ್ಕಿಗೆ ಅಂಟಿಸಿ ಕಾಲು ಗಂಟೆ ಬಿಡಬೇಕು, ಆಮೇಲೆ ಓದಬೇಕು. ದಿನಕ್ಕೊಂದು ಸಲವಾದರೂ ಹೇಳುತ್ತೇನಂತೆ. ಬೆನ್ನ ಹಿಂದೆ ನನ್ನನ್ನು ಟೇಪಮ್ಮ ಎನ್ನುತ್ತಾರೆ. ಎನ್ನಲಿ.

ಏಪ್ರಿಲ್ 9
ಗಾಳಿ 36.5, ಉಕ್ಕು 35.0

ಇವತ್ತು ಸಂದು ಅಳೆದಾಯಿತು. ಆರು ಮೀಟರ್ ಇನ್ನೂರ ಹನ್ನೆರಡು ಮಿಲಿಮೀಟರ್, ಉಕ್ಕು ಮೂವತ್ತೈದು ಡಿಗ್ರಿಯಲ್ಲಿದ್ದಾಗ. ದೊಡ್ಡ ಇಂಜಿನಿಯರ್ ಸಂಜೆಯೇ ಕಾರ್ಖಾನೆಗೆ ಕಳಿಸಿದರು.

ಎಡತೋಳಿನ ತುದಿಯಲ್ಲಿ ಕೂತು ಟೇಪು ಓದಿದವಳು ನಾನು. ಬಲತೋಳಿನ ತುದಿಯಲ್ಲಿ ಟೇಪಿನ ಸೊನ್ನೆಯನ್ನು ಅಂಚಿಗೆ ಒತ್ತಿ ಹಿಡಿದವರು ಮೇಸ್ತ್ರಿ. ಮೂವತ್ತೆಂಟು ವರ್ಷ ಉಕ್ಕಿನ ಮೇಲೆ ನಡೆದ ಮನುಷ್ಯ, ಬರುವ ತಿಂಗಳು ನಿವೃತ್ತಿ. ಸೊನ್ನೆ ಹಿಡಿಯಲು ಬೇರೆ ಯಾರನ್ನೂ ಬಿಡುವುದಿಲ್ಲ. ಒಳ್ಳೆಯವರೇ, ಆದರೆ ಎಲ್ಲಕ್ಕೂ ಅವರದೊಂದು ಕೈಲೆಕ್ಕ ಇರುತ್ತದೆ; ಅದೇ ನನಗೆ ಆಗಿಬರುವುದಿಲ್ಲ.

ಇವತ್ತೂ ಹಾಗೇ ಆಯಿತು. ಚೀಲದಿಂದ ಥರ್ಮಾಮೀಟರ್ ತೆಗೆಯುತ್ತಿದ್ದಾಗ ಅವರು ಆ ಕಡೆಯಿಂದ ಉಕ್ಕಿನ ಮೇಲೆ ಅಂಗೈ ಇಟ್ಟು, ತುಸು ಹೊತ್ತಿನ ಮೇಲೆ ತೆಗೆದು, “ಬಿಸಿ ತುಂಬಾ ಇದೆ ಮೇಡಂ ಇವತ್ತು” ಎಂದರು. ನಾನು ಥರ್ಮಾಮೀಟರ್ ಅಂಟಿಸಿ, ಒಂದೆರಡು ಗುಟುಕು ನೀರು ಕುಡಿದು, ಬಗ್ಗಿ ನೋಡಿದೆ. ಮೂವತ್ತೈದು. ಅಷ್ಟೇ ಎಂದೆ. “ಇಲ್ಲ ಮೇಡಂ, ಜಾಸ್ತಿ ಇದೆ. ಕೈ ಇಡಕ್ಕಾಗ್ತಿಲ್ಲ” ಎಂದರು. ನನಗೆ ರೇಗಿತು.

“ಅಂಗೈ ಮೇಲೆ ಅಂಕಿ ಬರೆದಿದ್ಯಾ ಮೇಸ್ತ್ರಿ?” ಎಂದೆ.

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮೇಸ್ತ್ರಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸೊನ್ನೆ ಹಿಡಿದರು. ಮಾತು ಚೆನ್ನಾಗಿತ್ತು ಎಂದು ಬರುವಾಗ ದೋಣಿಯಲ್ಲಿ ನನಗೇ ಒಂದು ಸಲ ಹೇಳಿಕೊಂಡೆ.

ಏಪ್ರಿಲ್ 13
ಗಾಳಿ 36.0

ಮಗಳ ವಿಜ್ಞಾನದ ಟೀಚರು ಒಂದು ವಿಚಿತ್ರ ಮನೆಪಾಠ ಕೊಟ್ಟಿದ್ದಾರೆ: ನಿಮ್ಮದೇ ಒಂದು ಉಷ್ಣತೆಯ ಮಾಪಕ ಮಾಡಿಕೊಂಡು ಬನ್ನಿ. ಒಂದು ಕೆಳಗಿನ ಗುರುತು, ಒಂದು ಮೇಲಿನ ಗುರುತು, ನಡುವೆ ಸಮಭಾಗ. ಸೆಲ್ಸಿಯಸ್‌ನಲ್ಲಿ ಮಂಜುಗಡ್ಡೆ ಕರಗುವುದು ಸೊನ್ನೆ, ನೀರು ಕುದಿಯುವುದು ನೂರು. ಫ್ಯಾರನ್‌ಹೀಟ್‌ನಲ್ಲಿ ಅದೇ ಮಂಜುಗಡ್ಡೆ ಮೂವತ್ತೆರಡು, ಅದೇ ನೀರು ಇನ್ನೂರ ಹನ್ನೆರಡು. “ಅಂದ್ರೆ ಬಿಸಿ ಒಂದೇ, ಹೆಸರು ಮಾತ್ರ ಬೇರೆನಾ?” ಎಂದು ಕೇಳಿದಳು. ಹೌದು ಎಂದೆ. “ಮತ್ತೆ ಒಂದೇ ಹೆಸರು ಇಟ್ಕೊಂಡ್ರೆ ಏನಾಗ್ತಿತ್ತು?” ಎಂಬುದು ಮುಂದಿನ ಪ್ರಶ್ನೆ.

ಅತ್ತೆಗೆ ಸೆಲ್ಸಿಯಸ್ ಮೇಲೆ ನಂಬಿಕೆಯೇ ಇಲ್ಲ. ಮೂವತ್ತೊಂಬತ್ತು ಎಂದರೆ ಜ್ವರವೆಂದು ಅವರಿಗೆ ಅನ್ನಿಸುವುದೇ ಇಲ್ಲ, ನೂರಾ ಎರಡು ಎಂದರೆ ಮಾತ್ರ ಗಾಬರಿಯಾಗಲು ಅನುಕೂಲವಂತೆ.

ಮಗಳು ಕೊನೆಗೆ ಮಾಡಿದ ಮಾಪಕ: ಬೆಳಗಿನ ನಲ್ಲಿ ನೀರು ಸೊನ್ನೆ, ಅಜ್ಜಿ ಕುಡಿಯುವ ಚಹಾ ನೂರು. ಅಜ್ಜಿಯ ಚಹಾ ದಿನಾ ಒಂದೇ ಬಿಸಿ ಇರುತ್ತದಾ ಎಂದು ನಾನು ತಕರಾರು ತೆಗೆದೆ. ಅತ್ತೆ ಕೋಣೆಯಿಂದಲೇ, ಮೂವತ್ತು ವರ್ಷದಿಂದ ನನ್ನ ನಾಲಿಗೆ ಒಂದು ಸಲವೂ ಸುಟ್ಟಿಲ್ಲ ಎಂದರು. ಇದು ವಿಜ್ಞಾನವಲ್ಲ ಎಂದೆ. ಆ ಟೀಚರು ಹತ್ತಕ್ಕೆ ಒಂಬತ್ತು ಕೊಟ್ಟು ಕಳಿಸಿದ್ದಾರೆ.

ಮೇ 6
ಗಾಳಿ 33.0, ಉಕ್ಕು 35.0

ನಡುತುಂಡು ನಿನ್ನೆ ಬಂತು. ಇವತ್ತು ತೇಲುವ ಕ್ರೇನ್ ಅದನ್ನು ಮೇಲೆತ್ತಿತು. ನಾಲ್ಕು ದಿನದಿಂದ ಮೋಡ, ಉಕ್ಕು ಬೆಳಗ್ಗಿನಿಂದ ಮೂವತ್ತೈದರಲ್ಲೇ ನಿಂತಿದೆ. ಕಾಲು ಗಂಟೆಗೊಮ್ಮೆ ನೋಡಿ ಬರೆದಿದ್ದೇನೆ. ಯಾವ ಬಿಸಿಗೆ ಅಳತೆ ಕೊಟ್ಟಿದ್ದೆನೋ ಅದೇ ಬಿಸಿ. ಹೇಳಿ ಮಾಡಿಸಿದ ದಿನ ಎಂದು ದೊಡ್ಡವರೂ ಅಂದರು.

ಎಡಗಡೆ ಮಲ್ಲಿಗೆಯಷ್ಟು ಹಗುರವಾಗಿ ಕೂತಿತು. ಬೋಲ್ಟುಗಳನ್ನೂ ಬಿಗಿದರು. ಬಲಗಡೆ ರಂಧ್ರಕ್ಕೆ ರಂಧ್ರ ಸೇರಲಿಲ್ಲ.

ನಲವತ್ತನಾಲ್ಕು ಮಿಲಿಮೀಟರ್ ಕಡಿಮೆ. ನನ್ನ ಎರಡೂವರೆ ಬೆರಳು ಅದರೊಳಗೆ ಹೋಗುತ್ತದೆ. ಹಾಕಿ ನೋಡಿದೆ.

ಮೇ 7
ಗಾಳಿ 32.5, ಉಕ್ಕು 34.5

ತಗಡಿನ ಆಫೀಸಿನಲ್ಲಿ ಮಧ್ಯಾಹ್ನದ ತನಕ ಸಭೆ. ತುಂಡಿನ ಉದ್ದ ಸರಿಯಾಗಿಯೇ ಇದೆ, ಕಾರ್ಖಾನೆಯ ತಪ್ಪಿಲ್ಲ. ಸಂದನ್ನು ಮತ್ತೆ ಅಳೆದರೆ ಮೂವತ್ತೈದಕ್ಕೆ ಲೆಕ್ಕ ಹಾಕಿ ಆರು ಮೀಟರ್ ಇನ್ನೂರ ಐವತ್ತಾರು. ಅಂದರೆ ಏಪ್ರಿಲ್ ಒಂಬತ್ತರ ಅಳತೆಯೇ ತಪ್ಪು. ದೊಡ್ಡವರು ನನ್ನ ಮುಖ ನೋಡಿದರು.

ನಾನು ನನ್ನ ಪುಸ್ತಕ ತೆರೆದು ಅವರ ಮುಂದಿಟ್ಟೆ. ಓದಿದ ಅಂಕಿ, ಬಿಸಿ, ಹೊತ್ತು, ಎಲ್ಲವೂ ನನ್ನ ಕೈಬರಹದಲ್ಲಿದೆ, ಒಂದು ಗೀಟು ಹೊಡೆದಿಲ್ಲ. “ಓದಿದ್ದರಲ್ಲಿ ತಪ್ಪಿಲ್ಲ ಸರ್. ಆ ಕಡೆ ಸೊನ್ನೆ ಜಾರಿರಬೇಕು” ಎಂದೆ. ಹಾಗೆಂದು ಬರೆದೂ ಕೊಟ್ಟೆ. ಬೇರೆ ಏನಾಗಿರಲು ಸಾಧ್ಯ? ಅರವತ್ತರ ಹತ್ತಿರದ ಕೈ.

ಮೇಸ್ತ್ರಿ ತಮ್ಮ ಎರಡೂ ಕೈಗಳನ್ನು ತಿರುಗಿಸಿ ಒಂದು ಸಲ ನೋಡಿಕೊಂಡರು, ಸಹಿ ಹಾಕಿದರು. ಇನ್ನು ಅವರು ಉಕ್ಕಿನ ಮೇಲೆ ಹತ್ತುವಂತಿಲ್ಲ. ನಿವೃತ್ತಿಯ ತನಕ ಉಗ್ರಾಣದಲ್ಲಿ ಬೋಲ್ಟು ಬೇರೆ ಮಾಡಬೇಕು.

ಹೊಸ ತುಂಡಿಗೆ ಉಕ್ಕನ್ನೇ ಹೊಸದಾಗಿ ತರಿಸಬೇಕು, ಎರಡು ತಿಂಗಳು. ಅಷ್ಟರಲ್ಲಿ ನದಿ ಉಕ್ಕುತ್ತದೆ, ಒಂದು ವರ್ಷ ಹೋದಂತೆಯೇ. ತೋಳನ್ನೇ ಜಾಕ್ ಇಟ್ಟು ಮುಂದೆ ನೂಕಬಹುದಲ್ಲ ಎಂದು ಯಾರೋ ಕೇಳಿದರು. ಎರಡೂ ಕೂಡುವ ತನಕ ತೋಳಿನ ಬುಡವನ್ನು ದಡಕ್ಕೆ ಬಿಗಿದಿರುವ ಬೀಗ ಬಿಚ್ಚುವಂತಿಲ್ಲ; ಬಿಚ್ಚಿದರೆ ತೋಳು ಮುಗ್ಗರಿಸಿ ನೀರಿಗೆ. ಇಪ್ಪತ್ತಕ್ಕೆ ಕ್ರೇನ್ ಹೊರಡುತ್ತದೆ. ಅಷ್ಟರೊಳಗೆ ಈ ತುಂಡನ್ನು ಕೆಳಗಿಳಿಸುತ್ತಾರೆ.

ಮೇ 10
ಗಾಳಿ 32.0

ಮಗಳಿಗೆ ಮೈ ಬಿಸಿ. ನಾಳೆ ಶಾಲೆಯಿಂದ ಪ್ರವಾಸ, ಆದ್ದರಿಂದ ಜ್ವರವಿಲ್ಲ ಎಂಬುದು ಅವಳ ತೀರ್ಮಾನ. ಥರ್ಮಾಮೀಟರನ್ನು ತಾನೇ ಬಾಯಿಗಿಟ್ಟುಕೊಂಡು, ತಾನೇ ತೆಗೆದು, “ನೋಡಜ್ಜಿ, ತೊಂಬತ್ತೇಳು” ಎಂದು ತೋರಿಸಿದಳು. ನಾನು ಸದ್ಯ ಎಂದೆ.

ಅತ್ತೆ ಅದನ್ನು ಕಿತ್ತುಕೊಂಡು ಮತ್ತೆ ಬಾಯಿಗಿಟ್ಟರು.

“ಇಟ್ಟ ಕೂಡ್ಲೇ ತೆಗೆದ್ರೆ ಅದು ಕಪಾಟಿನ ಜ್ವರ ಹೇಳುತ್ತೆ, ನಿಂದಲ್ಲ. ಬಾಯಿ ಮುಚ್ಕೊಂಡು ಕೂತ್ಕೋ.”

ಮೂರು ನಿಮಿಷದ ಮೇಲೆ ನೂರಾ ಎರಡು.

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಒಂದೆರಡು ಗುಟುಕು ನೀರು. ಅಷ್ಟೇ ಕಾದಿದ್ದು ನಾನು ಅವತ್ತು. ಚೀಲದೊಳಗೆ ತಣ್ಣೀರಿನ ಬಾಟಲಿಗೆ ಒರಗಿದ್ದ ಥರ್ಮಾಮೀಟರ್ ಇನ್ನೂ ಉಕ್ಕಿನ ಬಿಸಿಯನ್ನು ಹೀರಿಕೊಳ್ಳುತ್ತಾ ಇತ್ತು, ಮುಳ್ಳು ಇನ್ನೂ ಹತ್ತುತ್ತಾ ಇತ್ತು. ಮೇಸ್ತ್ರಿಯ ಬಾಯಿ ಮುಚ್ಚಿಸುವ ಅವಸರದಲ್ಲಿ ಅರ್ಧ ದಾರಿಯ ಅಂಕಿಯನ್ನು ಬರೆದುಕೊಂಡುಬಿಟ್ಟೆ. ಗಾಳಿಯೇ ಮೂವತ್ತಾರೂವರೆ ಇತ್ತಲ್ಲ. ಸುಡುಬಿಸಿಲಿನಲ್ಲಿ ಗಾಳಿಗಿಂತ ತಣ್ಣಗಿರುವ ಉಕ್ಕು ಎಲ್ಲಿಯಾದರೂ ಉಂಟೆ? ಎರಡೂ ಅಂಕಿ ಈ ಪುಸ್ತಕದಲ್ಲೇ ಅಕ್ಕಪಕ್ಕ ಕೂತಿವೆ. ಒಂದು ತಿಂಗಳು ಕಣ್ಣಿಗೆ ಬೀಳಲಿಲ್ಲ.

ನಲವತ್ತನಾಲ್ಕನ್ನು ಮೂರು ಚಿಲ್ಲರೆಯಿಂದ ಭಾಗಿಸಲು ಕಾಗದ ಬೇಕಾಗಲಿಲ್ಲ. ಹದಿನಾಲ್ಕು ಡಿಗ್ರಿ. ಉಕ್ಕು ಅವತ್ತು ನಲವತ್ತೊಂಬತ್ತರಲ್ಲಿತ್ತು. ಸೊನ್ನೆ ಜಾರಿರಲಿಲ್ಲ.

ಮೇ 11

ನಾಳೆ ಹೇಳುತ್ತೇನೆ.

ಮೇ 12
ಮೋಡ

ಉಗ್ರಾಣದ ಮುಂದೆ ಎರಡು ಸಲ ಹಾದುಹೋದೆ. ಮೇಸ್ತ್ರಿ ನೆಲದ ಮೇಲೆ ಕೂತು ತುಕ್ಕು ಹಿಡಿದ ಬೋಲ್ಟುಗಳನ್ನು ಒಂದೊಂದೇ ಬಟ್ಟೆಯಿಂದ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ. ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ನನ್ನ ಪುಸ್ತಕ ಅಷ್ಟು ಚೊಕ್ಕಟವಾಗಿದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮಗಳ ಜ್ವರ ಇಳಿದಿದೆ. ಪ್ರವಾಸ ತಪ್ಪಿದ್ದಕ್ಕೆ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಅಜ್ಜಿಯ ಹತ್ತಿರ ಅಲ್ಲ, ನನ್ನ ಹತ್ತಿರ. ಏಕೋ ನ್ಯಾಯವೇ ಎನಿಸಿತು.

ಮೇ 13
ಉಕ್ಕು 34

ಹೇಳಿದೆ.

ಉಗ್ರಾಣದ ಬಾಗಿಲಲ್ಲಿ ನಿಂತೇ ಶುರು ಮಾಡಿದೆ, ಕೂತರೆ ಧೈರ್ಯ ಸಾಲುತ್ತಿರಲಿಲ್ಲ. ತಪ್ಪು ನನ್ನದು, ಥರ್ಮಾಮೀಟರನ್ನು ಕಾಯದೆ ಓದಿದೆ, ನಿಮ್ಮ ಸೊನ್ನೆ ಸರಿಯಾಗಿಯೇ ಇತ್ತು ಎಂದೆ. ಒಂದೇ ಉಸಿರಿಗೆ ಹೇಳಿದ್ದರಿಂದ ಕೊನೆಗೆ ಉಸಿರೇ ಉಳಿದಿರಲಿಲ್ಲ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಬೋಲ್ಟು ಕೆಳಗಿಟ್ಟು ಎರಡೂ ಅಂಗೈಗಳನ್ನು ಬಟ್ಟೆಗೆ ಒರೆಸಿಕೊಂಡರು.

“ಸದ್ಯ. ಆರು ದಿನದಿಂದ ನಾನೇ ಜಾರಿಸಿದ್ನೇನೋ ಅಂತ ಆಗ್ಬಿಟ್ಟಿತ್ತು ಮೇಡಂ. ಊಟಕ್ಕೆ ಕೂತಾಗೆಲ್ಲ ಕೈ ನೋಡ್ಕೋತಿದ್ದೆ, ನಡುಗುತ್ತಾ ಅಂತ.”

ಅವರ ಕೆಲಸ ತಪ್ಪಿಸಿದ್ದೆ, ಹೆಸರು ಕೆಡಿಸಿದ್ದೆ, ಅದೆಲ್ಲ ಗೊತ್ತಿತ್ತು. ಆ ಕೈಗಳ ಮೇಲೆ ಅವರಿಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ ಎಂದು ಗೊತ್ತಿರಲಿಲ್ಲ.

ಆಮೇಲೆ ಅವರೇ ಹೇಳಿದರು. ಅವರದು ಸುಮ್ಮನೆ ಮುಟ್ಟಿ ನೋಡುವುದಲ್ಲವಂತೆ. ಅಂಗೈ ಇಟ್ಟು ಒಂದೇ ಸಮನೆ ಎಣಿಸುತ್ತಾರೆ. ನಲವತ್ತರ ಉಕ್ಕಾದರೆ ಎಣಿಸುತ್ತಲೇ ಕೂರಬಹುದು. ನಲವತ್ತೈದಾದರೆ ಅರವತ್ತರ ಹತ್ತಿರ ಕೈ ತಾನಾಗಿ ಏಳುತ್ತದೆ. ಐವತ್ತರ ಸುತ್ತ ಹದಿನೈದು, ಹದಿನೆಂಟು. ಐವತ್ತೈದಕ್ಕೆ ಐದೂ ಇಲ್ಲ. ಚಿಕ್ಕಂದಿನಲ್ಲಿ ಅವರ ಗುರು, ಇಡೀ ಕೆಲಸಕ್ಕೆ ಒಂದೇ ಥರ್ಮಾಮೀಟರ್ ಇದ್ದ ಕಾಲದಲ್ಲಿ, ಹಾಗೆ ಕಲಿಸಿದ್ದಂತೆ. ಅವತ್ತು ಎಷ್ಟಕ್ಕೆ ತೆಗೆದಿರಿ ಎಂದು ಕೇಳಿದೆ.

“ಹದಿನೆಂಟಕ್ಕೆ.”

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ಮೇಸ್ತ್ರಿ?”

“ನೀವು ಕೇಳ್ಲಿಲ್ಲ.”

ಮೇ 14

ದೊಡ್ಡವರು ನಂಬುತ್ತಿಲ್ಲ. ಮುದುಕನ ಮೇಲೆ ಕನಿಕರಕ್ಕೆ ಹೇಳುತ್ತಿದ್ದೀರಿ ಎಂದರು. ನನ್ನ ಪುಸ್ತಕವನ್ನೇ ನನಗೆ ತೋರಿಸಿ, ಇಲ್ಲಿ ಮೂವತ್ತೈದು ಇದೆಯಲ್ಲ, ಈ ಹದಿನಾರು ವರ್ಷದಲ್ಲಿ ನೀವು ಒಂದು ಅಂಕಿ ತಪ್ಪು ಬರೆದಿದ್ದು ನೋಡಿಲ್ಲ ಎಂದರು. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ನನ್ನ ಕುತ್ತಿಗೆಗೇ ಬಂತು.

ಒಂದೇ ದಾರಿ ಉಳಿದಿದೆ. ಉಕ್ಕು ನಲವತ್ತೊಂಬತ್ತಕ್ಕೆ ಏರಿದರೆ ಸಂದು ತಾನೇ ನಲವತ್ತನಾಲ್ಕು ಮಿಲಿಮೀಟರ್ ಮುಚ್ಚಿಕೊಳ್ಳುತ್ತದೆ, ಇದೇ ತುಂಡು ಕೂರುತ್ತದೆ. ಆಗ ಮೇಸ್ತ್ರಿಯ ಅಂಗೈ ಅವತ್ತಿನ ಹಾಗೇ ಹದಿನೆಂಟಕ್ಕೆ ಎದ್ದರೆ ಅವತ್ತಿನ ಬಿಸಿಯೂ ಅದೇ ಎಂದಾಯಿತು, ಸೊನ್ನೆ ಸರಿ ಇತ್ತು ಎಂದು ಯಾರೂ ಹೇಳಬೇಕಾಗಿಲ್ಲ. ಅದನ್ನು ಕೇಳಿ ದೊಡ್ಡವರು ಸ್ವಲ್ಪ ಹೊತ್ತು ಪೆನ್ಸಿಲ್ ತಿರುಗಿಸಿದರು. “ಇಪ್ಪತ್ತನೇ ತಾರೀಕು ನಾಲ್ಕು ಗಂಟೆ ತನಕ ಬಿಡ್ತೀನಿ. ಆಮೇಲೆ ಇಳಿಸ್ತೀವಿ.” ಮೇಸ್ತ್ರಿಯೇ ಸೊನ್ನೆ ಹಿಡಿಯಬೇಕು ಎಂದೆ. ಅದಕ್ಕೂ ಹೂಂ ಎಂದರು.

ಹೊರಗೆ ಬಂದು ಮೇಲೆ ನೋಡಿದೆ. ಬೂದಿ ಬಣ್ಣದ ಮೋಡ, ಒಂದು ತೂತೂ ಇಲ್ಲ.

ಮೇ 16
ಉಕ್ಕು 36

ಬೇಸಿಗೆಯಲ್ಲಿ ಇಂಥ ತಂಪು ಪುಣ್ಯ ಎಂದು ಬೀದಿಯಲ್ಲೆಲ್ಲ ಖುಷಿ. ಅಂಗಡಿಯವನು ಕೂಡ, ಏನು ಹವೆ ಅಲ್ವಾ ಮೇಡಂ, ಎಂದ. ಅವನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಮೇ 18
ಉಕ್ಕು 37

ಕ್ರೇನ್ ಇನ್ನೂ ತುಂಡನ್ನು ತೊಟ್ಟಿಲ ಹಾಗೆ ಹಿಡಿದುಕೊಂಡಿದೆ. ಇವತ್ತು ಮಧ್ಯಾಹ್ನ ಹತ್ತು ನಿಮಿಷ ಬಿಸಿಲು ಬಿತ್ತು. ಉಕ್ಕು ಒಂದು ಡಿಗ್ರಿ ಏರಿತು, ಸಂದು ಮೂರು ಮಿಲಿಮೀಟರ್ ಕಿರಿದಾಯಿತು, ಮತ್ತೆ ಮೋಡ ಬಂದು ಅಷ್ಟೇ ಅಗಲವಾಯಿತು. ಎಷ್ಟು ವಿಧೇಯ ವಸ್ತು ಇದು! ನಾನು ಏನು ಬರೆದುಕೊಂಡರೂ ಅದಕ್ಕೆ ಸಂಬಂಧವಿಲ್ಲ. ಬಿಸಿಲು ಎಷ್ಟು ಕೊಟ್ಟಿತೋ ಅಷ್ಟು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹತ್ತು ನಿಮಿಷ ಬಾಯಿ ತೆರೆದುಕೊಂಡು ನೋಡುತ್ತಾ ಕೂತಿದ್ದೆ.

ಮಗಳು ಮಾತಾಡಿದಳು. ಅಮ್ಮ, ಬಿಸಿಲು ಬರಲಿ ಅಂತ ಕಾಯ್ತಿರೋಳು ಊರಿಗೆಲ್ಲ ನೀನೊಬ್ಬಳೇ ಎಂದಳು. ಮೇಸ್ತ್ರಿಯೂ ಕಾಯುತ್ತಿದ್ದಾರೆ ಎಂದೆ. ಅವಳಿಗೆ ಎಲ್ಲವನ್ನೂ ಹೇಳಿದೆ, ಕಪಾಟಿನ ಜ್ವರದ ತನಕ. ಅತ್ತೆ ಆಕಳಿಸಲಿಲ್ಲ.

ಮೇ 20

ಬೆಳಿಗ್ಗೆ ಮೋಡವೇ. ಹತ್ತೂವರೆಗೆ ನದಿಯ ಮೇಲ್ಗಡೆ ಒಂದು ಬಿರುಕು ಬಿಟ್ಟಿತು. ಹನ್ನೊಂದಕ್ಕೆ ನನ್ನ ನೆರಳು ಉಕ್ಕಿನ ಮೇಲೆ ಬಿತ್ತು. ಎಷ್ಟೋ ದಿನಗಳ ಮೇಲೆ ಅದನ್ನು ನೋಡಿ ಯಾರೋ ನೆಂಟರು ಬಂದಂತಾಯಿತು.

ನಾನು ಈಚೆ, ಮೇಸ್ತ್ರಿ ಆಚೆ. ಹದಿಮೂರು ದಿನದ ಮೇಲೆ ಅವರು ಉಕ್ಕು ಹತ್ತಿದ್ದು. ಹುಡುಗರು ದಾರಿ ಬಿಟ್ಟರು, ಆದರೆ ಯಾರೂ ಮುಖ ಕೊಟ್ಟು ಮಾತಾಡಿಸಲಿಲ್ಲ. ಅವರಿಗೆ ಈಗಲೂ ಮೇಸ್ತ್ರಿ ಸೊನ್ನೆ ಜಾರಿಸಿದ ಮನುಷ್ಯ. ಥರ್ಮಾಮೀಟರನ್ನು ಹತ್ತಕ್ಕೇ ಅಂಟಿಸಿಟ್ಟಿದ್ದೆ.

ಹನ್ನೆರಡಕ್ಕೆ ನಲವತ್ತೊಂದು. ಸಂದಿನಲ್ಲಿ ಉಳಿದದ್ದು ಇಪ್ಪತ್ತೈದು ಮಿಲಿಮೀಟರ್. ಒಂದೂವರೆಗೆ ನಲವತ್ತಾರು, ಉಳಿದದ್ದು ಹತ್ತು. ರಂಧ್ರದ ಹಿಂದಿನಿಂದ ಇನ್ನೊಂದು ರಂಧ್ರ ಹುಣ್ಣಿಮೆಗೆ ಮುಂಚಿನ ಚಂದ್ರನಂತೆ ಮೆಲ್ಲಗೆ ತುಂಬಿಕೊಳ್ಳುತ್ತಿತ್ತು. ಆಫೀಸಿನಿಂದ ದೊಡ್ಡವರೂ ಬಂದು ನಿಂತಿದ್ದರು. ಇಷ್ಟು ಜನ, ಇಷ್ಟು ಯಂತ್ರ, ಯಾರೂ ಏನೂ ಮಾಡುತ್ತಿಲ್ಲ. ಸುಮ್ಮನೆ ನಿಂತಿದ್ದೇವೆ, ಸೇತುವೆ ನಡೆಯುತ್ತಿದೆ.

ಎರಡಕ್ಕೆ ನದಿಯಿಂದ ಗಾಳಿ ಎದ್ದಿತು. ಮುಳ್ಳು ನಲವತ್ತಾರರಲ್ಲೇ ನಿಂತಿತು. ಎರಡೂಕಾಲು, ನಲವತ್ತಾರು. ಎರಡೂವರೆ, ನಲವತ್ತಾರು. ಕ್ರೇನಿನವನು ಗಡಿಯಾರ ನೋಡಿಕೊಂಡ. ಪಶ್ಚಿಮದಲ್ಲಿ ಮತ್ತೆ ಮೋಡ ಒಟ್ಟಾಗುತ್ತಿತ್ತು. ನನಗೆ ಅಳು ಬರುವ ಹಾಗಿತ್ತು. ಎದುರುಗಡೆ ಮೇಸ್ತ್ರಿ ಉಕ್ಕಿನ ಮೇಲೆ ಅಂಗೈ ಇಟ್ಟು ತುಟಿ ಅಲ್ಲಾಡಿಸುತ್ತಿದ್ದರು. ಪ್ರಾರ್ಥನೆಯಲ್ಲ, ಎಣಿಕೆ. ನಾನೂ ಇಟ್ಟೆ. ನಲವತ್ತರ ಆಸುಪಾಸಿಗೆ ನನ್ನ ಕೈ ಎದ್ದಿತು.

ಎರಡೂ ಮುಕ್ಕಾಲಿಗೆ ಗಾಳಿ ಬಿತ್ತು. ದೀಪ ಆರಿಸಿದ ಹಾಗೆ ನಿಂತುಹೋಯಿತು. ಉಕ್ಕಿನ ಮೇಲಿನ ಗಾಳಿ ನಡುಗತೊಡಗಿತು. ನಲವತ್ತೇಳು. ನಲವತ್ತೆಂಟು. ಈಗ ಮೂರು ಮಿಲಿಮೀಟರ್. ಯಾರೋ ಈಗಲೇ ಸುತ್ತಿಗೆಯಿಂದ ಹೊಡೆದು ಸೇರಿಸೋಣವೆಂದರು. ಮೇಸ್ತ್ರಿ ಬೇಡವೆಂದು ತಲೆಯಾಡಿಸಿದರು.

“ಬರುತ್ತೆ, ಕಾಯಿ” ಎಂದರು. ಹುಡುಗನಿಗೆ ಹೇಳಿದರೋ ಉಕ್ಕಿಗೆ ಹೇಳಿದರೋ.

ಮತ್ತೆ ಅಂಗೈ ಇಟ್ಟೆ. ಹದಿನಾರು, ಹದಿನೇಳು, ಹದಿನೆಂಟು, ಕೈ ತಾನಾಗಿ ಎದ್ದಿತು. ತಲೆ ಎತ್ತಿದರೆ ಎದುರುಗಡೆ ಅವರ ಕೈಯೂ ಆಗತಾನೇ ಎದ್ದಿತ್ತು. ಮೇಸ್ತ್ರಿ ಚೂಪು ಮೊನೆಯ ಉಕ್ಕಿನ ಗೂಟವನ್ನು ರಂಧ್ರಕ್ಕೆ ಇಟ್ಟು ಬೆರಳಿನಿಂದ ಬಿಟ್ಟರು. ಹೊಡೆಯಲಿಲ್ಲ. ಅದು ತನ್ನ ಭಾರಕ್ಕೇ ಒಳಗಿಳಿದು ಠಣ್ಣೆಂದು ಕೂತಿತು.

ಮುಳ್ಳು ನೋಡಿದೆ. ನಲವತ್ತೊಂಬತ್ತು.

ಆ ಮೇಲೆ ಒಂದೇ ಗದ್ದಲ. ಬೋಲ್ಟು, ಕೂಗು, ಸೀಟಿ. ದೊಡ್ಡವರು ಮೇಸ್ತ್ರಿಯ ಬೆನ್ನು ತಟ್ಟಿ, ಆಗಿದ್ದಾಯ್ತು, ಇನ್ನು ಯಾರ ತಪ್ಪೂ ಅಲ್ಲ, ಮರೆತುಬಿಡೋಣ ಎಂದರು. ಎಲ್ಲರೂ ನಗುತ್ತಿದ್ದರು. ಅಲ್ಲಿಗೆ ಬಿಡಬಹುದಿತ್ತು. ಬಿಡಲಾಗಲಿಲ್ಲ.

“ಯಾರ ತಪ್ಪೂ ಅಲ್ಲ ಅಂತಲ್ಲ ಸರ್. ನನ್ನ ತಪ್ಪು. ಮೇಸ್ತ್ರಿ ಅವತ್ತೇ ಹೇಳಿದ್ರು, ನಾನು ನಗಾಡಿದೆ. ಇವರೆಲ್ಲ ನಕ್ಕಿದ್ದೂ ನನ್ನ ಮಾತಿಗೇ.”

ಹುಡುಗರು ನೆಲ ನೋಡಿದರು. ಮೇಸ್ತ್ರಿ ನದಿ ನೋಡಿದರು. ಅವರ ಕಣ್ಣು ತುಂಬಿತ್ತೆಂದು ನನಗೆ ಕಂಡಿತು. ಬಿಸಿಲಿಗೂ ಇರಬಹುದು.

ಮೇ 21

ನಿನ್ನೆ ಬರೆಯದೆ ಉಳಿದದ್ದು. ತೋಳುಗಳು ಕೂಡಿದ ಮೇಲೆ ಬಲದಡದ ಬೀಗ ಬಿಚ್ಚಿದರು. ಈಗ ಸೇತುವೆಯ ಆ ತುದಿ ಉರುಳೆಗಳ ಮೇಲೆ ಕೂತಿದೆ, ಬೇಕಾದಂತೆ ಹಿಗ್ಗಬಹುದು, ಕುಗ್ಗಬಹುದು. ಮೇಸ್ತ್ರಿ ಉರುಳೆಯ ಪಕ್ಕ ಸೀಮೆಸುಣ್ಣದಲ್ಲಿ ಒಂದು ಗೀಟೆಳೆದು, ಮಗಳನ್ನು ಕರ್ಕೊಂಡು ಬನ್ನಿ ಎಂದರು.

ಸಂಜೆ ಆರೂವರೆಗೆ ಮಗಳೂ ಅತ್ತೆಯೂ ಬಂದರು. ಉಕ್ಕು ತಣ್ಣಗಾಗಿತ್ತು. ಗೀಟಿಗೂ ಸೇತುವೆಗೂ ನಡುವೆ ಎರಡು ಬೆರಳಿನ ಜಾಗ. ಅಷ್ಟು ದೊಡ್ಡ ವಸ್ತು ತನ್ನ ಪಾದವನ್ನು ಸದ್ದಿಲ್ಲದೆ ಎಳೆದುಕೊಂಡಿತ್ತು. ಮಗಳು ಆ ಜಾಗದಲ್ಲಿ ಬೆರಳಿಟ್ಟು ಅಳೆದಳು. ಅವಳು ಪ್ರಶ್ನೆ ಹಾಕದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಮಾತ್ರ, ಇದಕ್ಕೂ ಚಳಿಯಾಗುತ್ತೆ ಅನ್ನು, ಎಂದರು.

ಮೇ 23

ತೀರ್ಮಾನ ಬಂತು. ಆರು ತಿಂಗಳು ಅಳತೆ ಪುಸ್ತಕ ನನ್ನ ಕೈಯಲ್ಲಿರುವುದಿಲ್ಲ. ಹೊಸದಾಗಿ ಬಂದ ಸರ್ವೆಯವಳು ಓದಿ ಬರೆಯುತ್ತಾಳೆ, ನಾನು ಸೊನ್ನೆ ಹಿಡಿಯಬೇಕು. ಒಪ್ಪಿದೆ. ಪುಸ್ತಕ ಕೊಡುವ ಮುಂಚೆ ಏಪ್ರಿಲ್ ಒಂಬತ್ತರ ಮೂವತ್ತೈದರ ಮೇಲೆ ಒಂದು ಗೀಟು ಹೊಡೆದು, ಪಕ್ಕದಲ್ಲಿ ನಲವತ್ತೊಂಬತ್ತು ಬರೆದು, ಸೊನ್ನೆ ಸರಿಯಿತ್ತು ಎಂದು ಸೇರಿಸಿ ಸಹಿ ಹಾಕಿದೆ. ಆ ಪುಸ್ತಕದಲ್ಲಿ ಅಂಕಿಯಲ್ಲದ ಮಾತು ಅದೊಂದೇ.

ಜೂನ್ 2
ಹತ್ತೊಂಬತ್ತು ಎಣಿಕೆ

ಸೊನ್ನೆ ಹಿಡಿಯುವುದು ಇಷ್ಟು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಓದುವವಳು ಅಂಕಿ ಕೂಗಿ ಮುಗಿಸುತ್ತಾಳೆ. ಹಿಡಿಯುವವಳು ಅಲುಗಾಡುವಂತಿಲ್ಲ, ಬೆವರು ಕಣ್ಣಿಗಿಳಿದರೂ ಒರೆಸುವಂತಿಲ್ಲ. ಮೊದಲ ದಿನ ನನ್ನ ಕೈ ನಡುಗಿತು. ಮೊನ್ನೆ ಮೇಸ್ತ್ರಿಯ ಕೊನೆಯ ದಿನ. ಹೋಗುವಾಗ ನನ್ನ ಬಳಿ ಬಂದು, ಹೆಬ್ಬೆರಳನ್ನು ಹೀಗಲ್ಲ ಹೀಗೆ ಎಂದು ತಿದ್ದಿ ಹೋದರು. ಈಗ ಅಲುಗುವುದಿಲ್ಲ.

ಇವತ್ತು ಉರುಳೆಗಳ ಹತ್ತಿರ ಅಳತೆ ಇತ್ತು. ಹೊಸಬಳು ಥರ್ಮಾಮೀಟರ್ ಅಂಟಿಸಿ ಪುಸ್ತಕ ತೆರೆದಳು. ನಾನು ಅಷ್ಟರಲ್ಲಿ ಅಂಗೈ ಇಟ್ಟು ತೆಗೆದಿದ್ದೆ.

“ಈಗ್ಲೇ ಓದ್ಬೇಡ. ನಲವತ್ತೆಂಟು, ನಲವತ್ತೊಂಬತ್ತು ಇರುತ್ತೆ” ಎಂದೆ.

ಅವಳು ನಕ್ಕಳು. “ಅಂಗೈಲಿ ಏನಾದ್ರೂ ಬರೆದಿದ್ಯಾ ಮೇಡಂ?”

ಪಕ್ಕದಲ್ಲಿದ್ದ ಹುಡುಗರು ನಗಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ ಪಾಪ, ಬಂದು ಹತ್ತು ದಿನವಾಗಿದೆ. ನನಗೆ ಬೇಜಾರಾಗಲಿಲ್ಲ. ಸೊನ್ನೆಯನ್ನು ಅಂಚಿಗೆ ಒತ್ತಿ ಹಿಡಿದು, ಕಾಲು ಗಂಟೆ ಕಾದು ನೋಡು ಎಂದೆ. ಕಾದಳು. ಬಗ್ಗಿ ಮುಳ್ಳು ನೋಡಿದವಳು ಹಾಗೇ ನಿಂತಳು. ಆಮೇಲೆ ನನ್ನ ಕೈಯನ್ನು ನೋಡಿದಳು.

“ನಲವತ್ತೆಂಟೂವರೆ. ಅದು ಹೇಗೆ ಗೊತ್ತಾಯ್ತು ಮೇಡಂ?”

ಕೇಳಿದಳಲ್ಲ. ಇಲ್ಲಿ ಬಾ, ಕೈ ಕೊಡು ಎಂದೆ.